ಗೀರಿಲ್ಲದ ಮಂಡಿ

ಭಾನುವಾರ ಮಧ್ಯಾಹ್ನ ಮೂರೂವರೆ ಇರಬಹುದು. ಕಾಮಸಮುದ್ರದ ಕಡೆಯಿಂದ ಬಂದಿದ್ದ ಒಬ್ಬ ರೈತನ ಮಣಿಕಟ್ಟಿಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾ ಇದ್ದೆ. ಜಗಲಿ ಮೇಲೆ ಇನ್ನೂ ಮೂರು ಜನ ಕಾಯುತ್ತಿದ್ದರು. ಆಗ ಮನೆ ಮುಂದೆ ಆಟೋ ಬಂದು ನಿಂತಿತು.

ಓಡಿಸುವವನು ನಮ್ಮ ಉರಿಗಾಂ ಗಣಿ ಲೈನಿನ ಮನೆಯವನೇ. ವಾರವೆಲ್ಲ ಆಟೋ, ಭಾನುವಾರ ಗೋಲ್ ಕೀಪರ್. ಅವನ ಬಲಗೈ ಕಿರುಬೆರಳನ್ನು ಎರಡು ಸಲ ಕಟ್ಟಿದ್ದೇನೆ. ಎರಡು ಸಲವೂ ವಾರ ತುಂಬುವ ಮೊದಲೇ ಬಿಚ್ಚಿ ಎಸೆದ. ಈಗ ಆ ಬೆರಳು ಪಕ್ಕಕ್ಕೆ ನೋಡುತ್ತಾ ನಿಂತಿದೆ. ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿಕೊಂಡು ಕೂತಿದ್ದವನು ಅವನ ಗೆಳೆಯ, ಇಪ್ಪತ್ತನಾಲ್ಕು ವರ್ಷದ ಗಟ್ಟಿ ಆಳು. ದೂರದ ಊರಿನ ಕ್ಲಬ್ಬೊಂದರಲ್ಲಿ ಫುಟ್‌ಬಾಲ್ ಆಡುತ್ತಾನೆ. ಆಡುವುದಕ್ಕೇ ಸಂಬಳ, ಕರಾರು ಬರೆದುಕೊಟ್ಟು ಸೇರಿಸಿಕೊಂಡಿದ್ದಾರೆ. ನಮ್ಮ ಲೈನಿನಲ್ಲಿ ಅಷ್ಟು ಮೇಲಕ್ಕೆ ಹೋದವನು ಈಗ ಅವನೊಬ್ಬನೇ. ರಜಕ್ಕೆ ಊರಿಗೆ ಬಂದಿದ್ದ.

ಇಬ್ಬರು ಹಿಡಿದು ಇಳಿಸಿ ಜಗಲಿ ಹತ್ತಿಸಿದರು. ಪ್ಯಾಂಟು ಮಡಚಿ ನೋಡಿದೆ. ಎಡಗಾಲಿನ ಮಂಡಿ ಗುಂಡಗೆ ಊದಿ, ಚಿಪ್ಪು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

"ಎಂಗಾಯ್ತು?"

"ಬೈಕಿಂದ ಬಿದ್ದೆ ಪಾಟಿ" ಅಂದ. ನಮ್ಮ ಲೈನಿನಲ್ಲಿ ಅರ್ಧ ಜನ ನನಗೆ ಅಜ್ಜಿ ಅಂತಾರೆ, ತಮಿಳು ಮನೆಯವರು ಪಾಟಿ ಅಂತಾರೆ.

"ಯಾವಾಗ?"

ಅವನು ಕೀಪರ್ ಮುಖ ನೋಡಿದ. ಕೀಪರ್ ಹೇಳಿದ, "ನಿನ್ನೆ ಸಾಯಂಕಾಲ. ರಾತ್ರಿಯೆಲ್ಲ ಮೆಲ್ಲಗೆ ಊದ್ಕೊಂಡ್ ಬಂತು."

ಕೈ ತೊಳೆದುಕೊಂಡು ಬಂದು ಕೂತೆ. ಮೊದಲು ಹಿಮ್ಮಡಿ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಮೂಳೆ ಒಡೆದಿದ್ದರೆ ಆ ತಟ್ಟು ನೇರ ಒಡೆದ ಜಾಗಕ್ಕೆ ಹೋಗಿ ಚುಚ್ಚುತ್ತದೆ, ಮುಖದಲ್ಲಿ ಗೊತ್ತಾಗುತ್ತದೆ. ಅವನಿಗೆ ಚುಚ್ಚಲಿಲ್ಲ. ಕಾಲಿನ ಮುಂದಿನ ಮೂಳೆ ಉದ್ದಕ್ಕೂ ಹೆಬ್ಬೆಟ್ಟು ಓಡಿಸಿದೆ, ಎಲ್ಲೂ ಮೂಳೆ ಸರಿದ ಮೆಟ್ಟಿಲು ಸಿಗಲಿಲ್ಲ. ಚಿಪ್ಪನ್ನು ಒತ್ತಿದರೆ ನೀರಿನ ಮೇಲೆ ತಟ್ಟೆ ತೇಲಿದ ಹಾಗೆ ತೇಲಿತು. ಒಳಗೆ ನೀರೋ ರಕ್ತವೋ ತುಂಬಿದೆ. ಮೂಳೆ ಮುರಿದಿಲ್ಲ, ಚಿಪ್ಪು ಪೆಟ್ಟು ತಿಂದಿದೆ, ಪಕ್ಕದ ನರ ಉಳುಕಿದೆ ಅಂತ ಲೆಕ್ಕ ಹಾಕಿದೆ.

ಒಂದು ಮಾತು ಇಲ್ಲೇ ಬರೆದುಬಿಡುತ್ತೇನೆ. ಆ ಮಂಡಿ ಮೇಲೆ ಒಂದು ಗೀರೂ ಇರಲಿಲ್ಲ. ಅಂಗೈ ತರಚಿರಲಿಲ್ಲ, ಮೊಣಕೈ ತರಚಿರಲಿಲ್ಲ. ಬೈಕಿಂದ ಬಿದ್ದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬೇತಮಂಗಲದ ರಸ್ತೆಯಲ್ಲಿ ಬಿದ್ದವನು ಅರ್ಧ ರಸ್ತೆಯನ್ನು ಮೈಗೆ ಅಂಟಿಸಿಕೊಂಡು ಬರುತ್ತಾನೆ. ಇದು ನನ್ನ ಕಣ್ಣಿಗೆ ಬಿತ್ತು. ಕೇಳಿಯೂ ಕೇಳಿದೆ.

"ತರಚೇ ಇಲ್ವಲ್ಲೋ."

"ದಪ್ಪ ಪ್ಯಾಂಟ್ ಹಾಕಿದ್ದೆ ಪಾಟಿ."

ಜಗಲಿ ಮೇಲೆ ಕಾಯುವವರಿದ್ದರು. ಬಿಟ್ಟೆ.

ಎರಡು ಮೊಟ್ಟೆ ಒಡೆದು ಬಿಳಿ ಮಾತ್ರ ತೆಗೆದು ಉದ್ದಿನ ಹಿಟ್ಟಿಗೆ ಹಾಕಿ ಗಟ್ಟಿಯಾಗಿ ಕಲಸಿದೆ. ಹಳೇ ಪಂಚೆ ಹರಿದು ಇಟ್ಟಿರುವ ಪಟ್ಟಿಗಳಿಗೆ ಆ ಹಿಟ್ಟು ಬಳಿದು, ಮಂಡಿಯ ಮೇಲೆ ಕೆಳಗೆ ನಾಲ್ಕು ಬೆರಳು ಬಿಟ್ಟು ಸುತ್ತಿದೆ. ಎರಡು ಪಕ್ಕಕ್ಕೂ ಹಿಂದಕ್ಕೂ ದಬ್ಬೆ. ಮೇಲೆ ಒಣ ಬಟ್ಟೆ. ಕಟ್ಟಿ ಮುಗಿದ ಮೇಲೆ ಕಾಲಿನ ಹೆಬ್ಬೆರಳಿನ ಉಗುರು ಒತ್ತಿ ಬಿಡಬೇಕು. ಬೆಳ್ಳಗಾದ ಉಗುರು ತಕ್ಷಣ ಕೆಂಪಾದರೆ ರಕ್ತ ಓಡುತ್ತಿದೆ ಅಂತ. ಆಗದಿದ್ದರೆ ಆ ಕ್ಷಣವೇ ಬಿಚ್ಚಬೇಕು. ಕೆಂಪಾಯಿತು.

"ಹನ್ನೊಂದು ದಿನ. ಮಡಚಂಗಿಲ್ಲ, ನೀರು ಸೋಕಿಸಂಗಿಲ್ಲ. ದಿನಾ ಬಂದು ತೋರಿಸಬೇಕು."

"ಮೂರು ವಾರಕ್ಕೆ ಕ್ಲಬ್ಬಿನ ಕ್ಯಾಂಪು ಐತೆ ಪಾಟಿ. ಓಡಕ್ಕೆ ಆಯ್ತದಾ?"

"ಮೊದ್ಲು ನೆಟ್ಟಗೆ ಉಚ್ಚೆ ಉಯ್ಯಕ್ಕೆ ನಿಂತ್ಕೊಳೋ. ಆಮೇಕೆ ಓಡೀವಂತೆ" ಅಂದೆ. ಕೀಪರ್ ನಕ್ಕ. ಇವನು ನಗಲಿಲ್ಲ.

ಈ ಆಟದವರ ಕಾಲು ಕಟ್ಟುವುದು ನನಗೆ ಯಾವತ್ತೂ ತಲೆನೋವು. ದನ ಸಾಕಿದವರು ಬರುತ್ತಾರೆ, ಕೈ ಮುರಿದಿರುತ್ತದೆ, ಹಾಲು ಕರೆಯುವುದಕ್ಕೆ ಇನ್ನೊಬ್ಬರನ್ನು ಗೊತ್ತು ಮಾಡಿಕೊಂಡು ಇಪ್ಪತ್ತೊಂದು ದಿನ ಸುಮ್ಮನೆ ಇರುತ್ತಾರೆ. ಆಟದವರು ಹಾಗಲ್ಲ. ಕಾಲಿನಿಂದಲೇ ಅನ್ನ ತಿನ್ನುವವರು ಕಾಲನ್ನು ಬೇರೆಯವರದ್ದು ಅನ್ನೋ ಹಾಗೆ ನೋಡಿಕೊಳ್ಳುತ್ತಾರೆ. ಪಾದದ ಗಿಣ್ಣು ಉಳುಕಿದ್ದರೆ ಐದನೇ ದಿನಕ್ಕೆ ಬೂಟಿನೊಳಗೆ ತುರುಕುತ್ತಾರೆ. ಭುಜದ ಮುಂದಿನ ಮೂಳೆ ಮುರಿದಿದ್ದರೆ ಒಂದೇ ಕೈಯಲ್ಲಿ ಬ್ಯಾಲೆನ್ಸ್ ಮಾಡಿಕೊಂಡು ಓಡುತ್ತಾರೆ. ತೊಡೆ ಹಿಂದಿನ ಮಾಂಸ ಹರಿದಿದ್ದರೆ "ಸ್ವಲ್ಪ ಎಳೆದಂಗೆ ಆಯ್ತದೆ ಅಷ್ಟೇ" ಅಂತಾರೆ. ಬೈದರೆ ತಲೆ ತಗ್ಗಿಸುತ್ತಾರೆ, ಜಗಲಿ ಇಳಿದ ಮೇಲೆ ತಲೆ ಎತ್ತುತ್ತಾರೆ.

ಇವನೂ ಹಾಗೇ ಶುರು ಮಾಡಿದ. ನಾಲ್ಕನೇ ದಿನ ಕಟ್ಟಿನ ಕೆಳಗಡೆ ಒದ್ದೆ.

"ಸ್ನಾನ ಮಾಡಿದ್ಯಾ?"

"ಸೆಕೆ ಪಾಟಿ."

"ಸೆಕೆಗೆ ಸಾಯಲ್ಲ ಕಣ್ಲಾ ಯಾರೂ. ಒಳಗಡೆ ಹುಳಿ ಬಂದು ಚರ್ಮ ಕಿತ್ಕೊಂಡ್ ಬಂದ್ರೆ ಆಗ ಸಾಯ್ತೀಯ."

ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಮೊಟ್ಟೆ, ಮತ್ತೆ ಹಿಟ್ಟು. ಏಳನೇ ದಿನ ನೋಡಿದರೆ ಹಿಂದಿನ ದಬ್ಬೆಯೇ ಇಲ್ಲ. ಮಲಗುವಾಗ ಚುಚ್ಚಿತಂತೆ, ಎಳೆದು ಹಾಕಿದನಂತೆ. ಅವತ್ತು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಕ್ಕಾಗಲ್ಲ. ಅವನ ತಾಯಿ ಜೊತೆಗೆ ಬಂದಿದ್ದಳು. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ಎರಡು ಏಟೂ ಹಾಕಕ್ಕ, ನನ್ನ ಮಾತು ಕೇಳಲ್ಲ ಅವನು" ಅಂದಳು. ಗಂಡ ಇಲ್ಲದೆ, ಇಡ್ಲಿ ಬೇಯಿಸಿ ಮಾರಿ ಈ ಮಗನನ್ನು ಆ ಕ್ಲಬ್ಬಿನ ತನಕ ತಳ್ಳಿದ ಹೆಂಗಸು. ಮಗನ ಕಾಲು ಅಂದರೆ ಅವಳಿಗೆ ಮನೆಯ ಕಂಬ.

ಹನ್ನೊಂದನೇ ದಿನ ಕಟ್ಟು ಕತ್ತರಿಸಿದೆ. ಊತ ಇಳಿದು ಚಿಪ್ಪಿನ ಅಂಚು ನಾಲ್ಕು ಕಡೆಯೂ ಕಾಣುತ್ತಿತ್ತು. ಹರಳೆಣ್ಣೆ ಬಿಸಿ ಮಾಡಿ ನೀವಿದೆ. ನಿಲ್ಲು ಅಂದೆ, ನಿಂತ. ನಡಿ ಅಂದೆ, ಅಂಗಳದ ತುದಿವರೆಗೆ ನೆಟ್ಟಗೆ ನಡೆದು ತಿರುಗಿ ಬಂದ. ತಾಯಿ ಕಣ್ಣು ಒರೆಸಿಕೊಂಡಳು.

"ಸರಿಹೋಯ್ತು" ಅಂದೆ. ನನ್ನ ಬಾಯಿಂದಲೇ ಅಂದೆ.

ಮೂರು ದಿನ ಕಳೆದು ನೀರು ಬಿಟ್ಟಿದ್ದರು. ಬೇತಮಂಗಲದ ನೀರು ಬರುವ ದಿನ ನಮ್ಮ ಲೈನಿನಲ್ಲಿ ಊರಿನ ಸುದ್ದಿಯೆಲ್ಲ ನಲ್ಲಿ ಹತ್ತಿರವೇ ಸಿಗುತ್ತದೆ. ಅವನ ತಾಯಿ ನನ್ನ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು.

"ಬೆಳಿಗ್ಗೆ ಮಹಡಿ ಮೆಟ್ಲು ಇಳೀವಾಗ ಬಿದ್ದ ಅಕ್ಕ. ಮಂಡಿ ತಾನಾಗೇ ಬಿಟ್ಟೋಯ್ತು ಅಂತಾನೆ. ಕಾಲು ಅಲ್ಲೇ ಇತ್ತು, ಮಂಡಿ ಇರ್ಲಿಲ್ಲ ಅಂತಾನೆ. ಹಂಗಂದ್ರೆ ಏನಕ್ಕ?"

ನನ್ನ ಬಿಂದಿಗೆ ಅಲ್ಲೇ ಬಿಟ್ಟು ಅವಳ ಮನೆಗೆ ಹೋದೆ. ಕಾಲು ಇದ್ದು ಮಂಡಿ ಇಲ್ಲ ಅಂದರೆ ಏನು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ದಿನ ನೋಡಿರಲಿಲ್ಲ, ಅದು ಬೇರೆ ಮಾತು.

ಮಹಡಿ ಮೆಟ್ಟಿಲು ಹತ್ತಿ ಇಳಿ ಅಂದೆ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಗೋಡೆ ಹಿಡಿದು, ಪಕ್ಕಕ್ಕೆ ತಿರುಗಿ, ಒಳ್ಳೆ ಕಾಲನ್ನೇ ಮೊದಲು ಇಟ್ಟು ಇಳಿದ. ಚಾಪೆ ಮೇಲೆ ಮಲಗಿಸಿದೆ. ಮಂಡಿ ಸ್ವಲ್ಪ ಮಡಚಿಸಿ, ಒಂದು ಕೈಯಲ್ಲಿ ತೊಡೆ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮೀನಖಂಡದ ಮೇಲ್ಭಾಗ ಹಿಡಿದು ನನ್ನ ಕಡೆಗೆ ಎಳೆದೆ.

ಇದನ್ನು ನನಗೆ ಕಲಿಸಿದ್ದು ಬಂಗಾರಪೇಟೆಯ ಒಬ್ಬ ಮೂಳೆ ಡಾಕ್ಟರು. ವರ್ಷಗಳ ಹಿಂದೆ ನಾನು ಕಟ್ಟಿದ ಒಬ್ಬನ ಮಂಡಿ ಸರಿಹೋಗದೆ, ಅವನ ಜೊತೆಗೆ ನಾನೂ ಹೋಗಿದ್ದೆ. ಆ ಡಾಕ್ಟರು ಸಿಡುಕುತ್ತಲೇ ನನ್ನ ಕೈ ಹಿಡಿದು ಅವನ ಕಾಲಿನ ಮೇಲೆ ಇಡಿಸಿದ್ದರು. "ಅಮ್ಮಾ, ಕಟ್ಟೋದು ಬಿಡಲ್ಲ ನೀವು. ಮಂಡಿ ಕಟ್ಟೋ ಮುಂಚೆ ಇದೊಂದು ನೋಡಿ. ಎಳೆದರೆ ಟಕ್ ಅಂತ ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ಹುರಿ ಹರಿದಿದೆ. ಅದು ನಿಮ್ಮ ಕಟ್ಟಿಗೂ ಕೂಡಲ್ಲ, ನನ್ನ ಪ್ಲಾಸ್ಟರಿಗೂ ಕೂಡಲ್ಲ" ಅಂದಿದ್ದರು. ಊದಿದ ಮಂಡಿಯಲ್ಲಿ ನೋವಿಗೆ ಮಾಂಸ ಬಿಗಿಹಿಡಿದಿರುತ್ತದೆ, ಎಳೆದರೂ ಗೊತ್ತಾಗಲ್ಲ, ಊತ ಇಳಿದ ಮೇಲೆ ಮತ್ತೆ ನೋಡಬೇಕು ಅಂತಲೂ ಹೇಳಿದ್ದರು. ಊತ ಇಳಿದ ದಿನ ನಾನು ಎಣ್ಣೆ ನೀವಿ ಶಹಬಾಸ್ ತೆಗೆದುಕೊಂಡು ಕೂತಿದ್ದೆ.

ಎಳೆದ ಕಾಲು ನಿಲ್ಲಲಿಲ್ಲ. ಬೆಂಕಿಪೊಟ್ಟಣದ ಒಳಗಿನ ಡಬ್ಬಿ ಜಾರಿದ ಹಾಗೆ ಮುಂದಕ್ಕೆ ಜಾರಿತು. ಬಲಗಾಲು ಎಳೆದೆ. ಟಕ್ ಅಂತ ನಿಂತಿತು. ಮತ್ತೆ ಎಡಗಾಲು. ಜಾರಿತು.

"ಬಾ ಇಲ್ಲಿ" ಅಂತ ತಾಯಿಯನ್ನು ಕರೆದೆ. ಅವಳ ಕೈಯನ್ನು ನನ್ನ ಕೈ ಕೆಳಗೆ ಇಟ್ಟುಕೊಂಡು ಎಳೆಸಿದೆ. ಇಡ್ಲಿ ಹಿಟ್ಟು ರುಬ್ಬಿದ ಕೈ, ಬೇಗ ತಿಳಿಯಿತು. ಬಿಸಿ ಮುಟ್ಟಿದವಳ ಹಾಗೆ ಕೈ ತೆಗೆದುಬಿಟ್ಟಳು.

"ಈಗ ಯೋಳ್ಲಾ" ಅಂದೆ. "ಎಂಗೆ ಬಿದ್ದೆ?"

"ಬೈಕಿಂದ ಪಾಟಿ."

"ಬೈಕೆಲ್ಲಿ?"

ಅಷ್ಟರಲ್ಲಿ ಬೈಕಿನಲ್ಲಿ ಬಂದ ಕೀಪರ್ ಬಾಗಿಲಲ್ಲಿ ನಿಂತಿದ್ದ. ಬೈಕು ಅವನದು ಅಂತ ಇವನು ಕೈ ತೋರಿಸಿದ. ಹೊರಗೆ ಹೋಗಿ ಆ ಬೈಕನ್ನು ಸುತ್ತು ಹಾಕಿ ನೋಡಿದೆ. ಹ್ಯಾಂಡಲ್ ತುದಿ, ಕಾಲಿಡೋ ಕಬ್ಬಿಣ, ಕನ್ನಡಿ, ಎಲ್ಲ ಹೊಸದರ ಹಾಗೆ ಹೊಳೆಯುತ್ತಿತ್ತು.

"ನಿಂಗೂ ಗೀರಿಲ್ಲ, ಬೈಕಿಗೂ ಗೀರಿಲ್ಲ. ಹಂಗಾದ್ರೆ ಬಿದ್ದಿದ್ದು ಯಾರ್ಲಾ, ನಾನಾ?"

ಕೀಪರ್ ನೆಲ ನೋಡುತ್ತಾ, "ಅವತ್ತು ಬೈಕೇ ಇರ್ಲಿಲ್ಲ ಪಾಟಿ" ಅಂದ.

ಆಮೇಲೆ ಎಲ್ಲ ಹೊರಗೆ ಬಂತು. ಬಂಗಾರಪೇಟೆ ಮೈದಾನದಲ್ಲಿ ಏಳೇಳು ಜನ ಆಡುವ ಪಂದ್ಯ. ಕೀಪರ್ ತಂಡಕ್ಕೆ ಹಿಂದೆ ನಿಲ್ಲುವ ಆಟಗಾರ ಕಮ್ಮಿ. ಕರಾರಿನ ಪ್ರಕಾರ ಇವನು ಕ್ಲಬ್ಬು ಬಿಟ್ಟು ಬೇರೆಲ್ಲೂ ಚೆಂಡು ಮುಟ್ಟಂಗಿಲ್ಲ. ಗೆಳೆಯ ಕೇಳಿದ ಅಂತ ಇನ್ನೊಬ್ಬನ ಹೆಸರಿನಲ್ಲಿ ಇಳಿದಿದ್ದಾನೆ. ಬಿದ್ದದ್ದು ಶನಿವಾರ ಸಾಯಂಕಾಲ ಅಲ್ಲ, ಆ ಭಾನುವಾರವೇ ಎರಡು ಗಂಟೆಗೆ. ಅಂದರೆ ಒಂದೂವರೆ ಗಂಟೆಯೊಳಗೆ ಅಷ್ಟು ಊದಿತ್ತು. ರಾತ್ರಿಯೆಲ್ಲ ಮೆಲ್ಲಗೆ ಊದಿದ್ದು ಬೇರೆ, ಕೂತಲ್ಲೇ ಊದಿದ್ದು ಬೇರೆ. ಕೂತಲ್ಲೇ ಊದಿದರೆ ಒಳಗೆ ಏನೋ ಹರಿದು ರಕ್ತ ತುಂಬಿದೆ ಅಂತಲೇ. ಅದೊಂದು ನಿಜ ಹೇಳಿದ್ದರೂ ನನಗೆ ಸಾಕಿತ್ತು.

"ಯಾರು ಒದ್ರು?"

"ಯಾರೂ ಮುಟ್ಲಿಲ್ಲ ಪಾಟಿ."

"ಬಾಯಲ್ಲಿ ಯೋಳ್ಬ್ಯಾಡ. ನಿನ್ ಬಾಯಿ ಸಾಕಾಯ್ತು. ಎಂಗಾಯ್ತು ಅಂತ ನಿಂತು ತೋರ್ಸು."

ಅವನು ಎದ್ದು ನಿಂತ. ಒಳ್ಳೆ ಕಾಲಿನಲ್ಲಿ, ನಿಧಾನಕ್ಕೆ ತೋರಿಸಿದ. ಎದುರಿನವನು ಬಲಕ್ಕೆ ಹೋಗುವವನ ಹಾಗೆ ಮಾಡಿ ಎಡಕ್ಕೆ ತಿರುಗಿದನಂತೆ. ಇವನು ಕಾಲು ಊರಿ ಮೈ ತಿರುಗಿಸಿದ. ಹಿಂದಿನ ದಿನ ಮಳೆ ಬಿದ್ದ ನೆಲ, ಬೂಟಿನ ಮುಳ್ಳು ಮಣ್ಣಿನಲ್ಲಿ ಕಚ್ಚಿಕೊಂಡಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಟಪ್ ಅಂತ ಶಬ್ದ ಬಂತಂತೆ. ಕೀಪರ್‌ಗೂ ಕೇಳಿಸಿತಂತೆ. ಅಷ್ಟೇ. ತೋರಿಸುವುದಕ್ಕೆ ಮೂರು ಉಸಿರು ಸಾಕಾಯಿತು.

ನಾನು ಹನ್ನೊಂದು ದಿನ ಕಟ್ಟಿದ್ದು ಬೈಕಿಂದ ಬಿದ್ದ ಒಂದು ಮಂಡಿಗೆ. ಅಂಥ ಮಂಡಿ ಲೋಕದಲ್ಲೇ ಇರಲಿಲ್ಲ.

"ಕ್ಲಬ್ಬಲ್ಲಿ ಡಾಕ್ಟ್ರು ಇಲ್ವಾ?"

"ಕೈಕಾಲು ನೋಡ್ಕೊಳಕ್ಕೆ ಫಿಸಿಯೋ ಮೇಡಂ ಅವ್ರೆ. ಯೋಳಿದ್ರೆ ಎಲ್ಲಿ ಆಡ್ದೆ ಅಂತ ಕೇಳ್ತಾರೆ. ಆಡಿದ್ದು ಗೊತ್ತಾದ್ರೆ ತೆಗೆದಾಕ್ತಾರೆ ಪಾಟಿ." ಆಮೇಲೆ ದನಿ ತಗ್ಗಿಸಿ ಕೇಳಿದ, "ಸಾಕ್ಸ್ ಒಳಗೆ ಕಾಣ್ದಂಗೆ ತೆಳ್ಳಗೆ ಒಂದು ಕಟ್ಟು ಕಟ್ಕೊಡ್ತೀಯಾ? ಕ್ಯಾಂಪಲ್ಲಿ ಓಡ್ಸಿ ನೋಡೋ ಟೆಸ್ಟ್ ಒಂದು ಮುಗಿಸ್ಕೊಂಬಿಡ್ತೀನಿ. ಆಮೇಲೆ ಅಲ್ಲೇ ಆಡ್ವಾಗ ಆಯ್ತು ಅಂತ ಬಿದ್ಬಿಡ್ತೀನಿ. ಆಗ ಅವ್ರೇ ಆಪರೇಷನ್ ಮಾಡಿಸ್ತಾರೆ."

ಇದನ್ನು ಯೋಚನೆ ಮಾಡಿಟ್ಟಿದ್ದ. ನೋಡಿ, ಇಷ್ಟು ತಲೆ ಇರುವವನು ಮಣ್ಣಿನಲ್ಲಿ ಕಚ್ಚಿದ ಕಾಲು ಕಿತ್ತುಕೊಳ್ಳುವ ತಲೆ ಓಡಿಸಲಿಲ್ಲ.

"ಕಟ್ಟಲ್ಲ. ನೀನು ಫೋನ್ ಮಾಡು" ಅಂದೆ.

ತಾಯಿ ನನ್ನ ಕೈ ಹಿಡಿದುಕೊಂಡಳು. "ಎರಡು ದಿನ ಸುಮ್ಕಿರಕ್ಕ. ಬೈಕು ಅಂತಲೇ ಯೋಳಾಣ. ಏನ್ ಯೋಳ್ಬೇಕು ಅಂತ ಯೋಚ್ನೆ ಮಾಡ್ಕೊಂಡು ನಾವೇ ಮಾಡ್ತೀವಿ. ನನ್ ಮಗ ಅಲ್ಲಿಗೋಗಕ್ಕೆ ನಾನೇನ್ ಪಟ್ಟಿದೀನಿ ನಿಂಗೊತ್ತು."

ಗೊತ್ತಿತ್ತು. ಅದಕ್ಕೇ ಸುಮ್ಮನಾದೆ. ಮನೆಗೆ ಬಂದು, ಕಾಲು ಬಗ್ಗಿಸಬೇಡ, ಮೆಟ್ಟಿಲು ಹತ್ತಬೇಡ ಅಂತ ಕೀಪರ್ ಹತ್ತಿರ ಹೇಳಿ ಕಳಿಸಿದೆ. ಎರಡು ದಿನ ನನಗೆ ಯಾರ ಕೈ ಕಟ್ಟಿದರೂ ಕಟ್ಟಿದ ಹಾಗಾಗಲಿಲ್ಲ. ಬಂದವರ ಮೇಲೆಲ್ಲ ಸಿಡುಕಿದೆ. ಮೊದಲ ತಪ್ಪು ಅವನ ಸುಳ್ಳಿನಿಂದ ಆಗಿತ್ತು, ಹೋಗಲಿ. ಈ ಎರಡು ದಿನ ಪೂರ್ತಿ ನನ್ನದು.

ಮೂರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಕೀಪರ್ ಆಟೋ ತಂದು ನಿಲ್ಲಿಸಿದ. ಇಳಿಯಲೂ ಇಲ್ಲ.

"ಆಟೋ ಹತ್ತು ಪಾಟಿ. ಕಾಲು ಸಿಕ್ಕಾಕ್ಕೊಂಡೈತೆ."

ಮೆಡಿಕಲ್ ಶಾಪಿನಿಂದ ಮಂಡಿಗೆ ಹಾಕುವ ಚೀಲ ತಂದು ಹಾಕಿಕೊಂಡು, ಬೆಳಕು ಹರಿಯುತ್ತಲೇ ಮೈದಾನಕ್ಕೆ ಹೋಗಿ ಓಡಿ ನೋಡಿದ್ದಾನೆ. ನೇರ ಓಡುವಾಗ ಏನೂ ಆಗಿಲ್ಲ. ಅದಕ್ಕೆ ಧೈರ್ಯ ಬಂದು ತಿರುಗಿ ನೋಡಿದ್ದಾನೆ. ಮಂಡಿ ಬಿಟ್ಟುಹೋಗಿ, ಬಿದ್ದು, ಅರ್ಧ ಮಡಚಿದ ಕಾಲು ಹಾಗೇ ನಿಂತುಬಿಟ್ಟಿದೆ. ನಾನು ಹೋದಾಗ ಮೈದಾನದ ಅಂಚಿನ ಕಲ್ಲಿಗೆ ಒರಗಿ ಕೂತಿದ್ದ, ಮುಖ ಬೂದಿ ಹಾಗಾಗಿತ್ತು. ತಾಯಿ ಪಕ್ಕದಲ್ಲಿದ್ದಳು. ಮೈದಾನದಲ್ಲಿದ್ದ ಇಬ್ಬರು ಹುಡುಗರು ಕಾಲು ಹಿಡಿದು ಎಳೆದು ನೆಟ್ಟಗೆ ಮಾಡುವುದಕ್ಕೆ ನೋಡುತ್ತಿದ್ದರು.

"ಕೈ ತೆಗೀರಿ" ಅಂದೆ.

ಬಾಗಿಲ ಸಂದಿಗೆ ಚಪ್ಪಲಿ ಸಿಕ್ಕಿಕೊಂಡಾಗ ಬಾಗಿಲು ಎಳೆದು ಹಾಕಿದರೆ ಏನಾಗುತ್ತೆ, ಅದೇ ಆಗುತ್ತೆ ಇಲ್ಲೂ. ಒಳಗೆ ಏನೋ ಮಡಚಿ ಕೂತಿದೆ. ನನ್ನ ಕೈಗೆ ಅಲ್ಲಿ ಕೆಲಸವಿಲ್ಲ. ಅರವತ್ತೆಂಟು ವರ್ಷದಲ್ಲಿ ನನ್ನ ಕೈ ಬಗ್ಗೆ ನಾನೇ ಹಾಗಂದುಕೊಂಡದ್ದು ಅವತ್ತೇ ಮೊದಲು.

"ಫೋನ್ ತೆಗಿ" ಅಂದೆ ಅವನಿಗೆ. "ಆ ಮೇಡಂಗೆ ಮಾಡು. ನೀನ್ ಮಾತಾಡ್ಬ್ಯಾಡ, ನಂಗೆ ಕೊಡು."

"ಪಾಟಿ..."

"ಇಲ್ದಿದ್ರೆ ನಿನ್ ಕಾಲಿಗೆ ಉದ್ದಿನ್ಹಿಟ್ಟು ಬಳೀತೀನಿ. ಇಡ್ಲಿ ಜೊತೆ ಮಾರ್ಲಿ ನಿಮ್ಮಮ್ಮ."

ಅವನು ನಂಬರು ಒತ್ತಿ ಕೊಟ್ಟ. ತಾಯಿ ನನ್ನ ಸೆರಗು ಹಿಡಿದು ಕಿವಿ ಹತ್ತಿರ ಹೇಳಿದಳು, "ಬೈಕು ಅನ್ನಕ್ಕ. ಅದೊಂದ್ ಮಾತು. ನಿನ್ ಕಾಲಿಗ್ ಬೀಳ್ತೀನಿ."

ಆ ಕಡೆಯಿಂದ ಹೆಣ್ಣುದನಿ ಬಂತು. ಫೋನಿನಲ್ಲಿ ಮುಖವೂ ಕಾಣುತ್ತಿತ್ತು. ನನ್ನ ಪುಣ್ಯಕ್ಕೆ ಮೈಸೂರು ಕಡೆಯ ಹುಡುಗಿ, ಕನ್ನಡ ಬರುತ್ತಿತ್ತು.

"ನಾನು ಇವರೂರಲ್ಲಿ ಕೈಕಾಲು ಕಟ್ಟೋ ಮುದುಕಿ ಡಾಕ್ಟ್ರಮ್ಮ" ಅಂದೆ. "ನಿಮ್ಮ ಹುಡುಗನ ಎಡಗಾಲು ಮಂಡಿ ಒಳಗಿನ ಹುರಿ ಹರಿದಿದೆ. ಎಳೆದರೆ ಜಾರುತ್ತೆ. ಈಗ ಬೆಳಿಗ್ಗೆ ಸಿಕ್ಕಾಕಿಕೊಂಡಿದೆ, ನೆಟ್ಟಗಾಗ್ತಿಲ್ಲ."

ಆ ಹುಡುಗಿ ಒಂದೊಂದೇ ಕೇಳಿದಳು. ಎಷ್ಟು ದಿನ ಆಯಿತು, ಬೆರಳು ತಣ್ಣಗಿದೆಯಾ, ಜೋಮು ಹಿಡಿದಿದೆಯಾ. ಎಲ್ಲಕ್ಕೂ ಹೇಳಿದೆ.

"ಕಟ್ಟಿದ್ದು ಯಾರು ಅಜ್ಜಿ?"

"ನಾನೇ. ಹನ್ನೊಂದು ದಿನ. ತಪ್ಪಾಗಿ."

"ಮೊದಲು ಹೇಗಾಯಿತು?"

ತಾಯಿಯ ಕೈ ನನ್ನ ಸೆರಗಿನಲ್ಲಿ ಇನ್ನೂ ಇತ್ತು. ಬೈಕು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಆದರೆ ಆ ಮಾತು ನಂಬಿ ಒಬ್ಬಳು ಆಗಲೇ ಒಂದು ಮಂಡಿ ಕೆಡಿಸಿದ್ದಳು. ಇನ್ನು ಕುಯ್ಯುವವರೂ ಅದನ್ನೇ ನಂಬಿಕೊಂಡು ಕುಯ್ಯಬೇಕಾ?

"ಬಂಗಾರಪೇಟೆಯಲ್ಲಿ ಏಳು ಜನರ ಪಂದ್ಯ ಆಡಿದ. ಬೂಟು ಮಣ್ಣಲ್ಲಿ ಕಚ್ಚಿಕೊಂಡಾಗ ಮೈ ತಿರುಗಿಸಿದ. ಯಾರೂ ಮುಟ್ಟಿಲ್ಲ. ಟಪ್ ಅಂತ ಶಬ್ದ ಬಂತು. ಒಂದೂವರೆ ಗಂಟೆಯಲ್ಲಿ ಊದಿತು. ನನ್ನ ಹತ್ತಿರ ಬೈಕು ಅಂತ ಸುಳ್ಳು ಹೇಳಿದ, ನಾನು ನಂಬಿದೆ."

ತಾಯಿ ಸೆರಗು ಬಿಟ್ಟಳು.

ಆ ಹುಡುಗಿ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. ಎಳೆಯಬೇಡಿ, ಮಂಡಿ ಕೆಳಗೆ ದಿಂಬು ಇಡಿ, ಬಟ್ಟೆಯಲ್ಲಿ ಸುತ್ತಿ ಐಸ್ ಇಡಿ, ಈವತ್ತೇ ಸ್ಕ್ಯಾನ್ ಆಗಬೇಕು ಅಂದಳು. ಕೊನೆಗೆ ಇವನಿಗೆ ಫೋನ್ ಕೊಡಿಸಿ ಒಂದೇ ಮಾತು ಹೇಳಿದಳು, "ಹೇಳಬೇಕಿತ್ತು ನೀನು." ಅವನು ಮಗುವಿನ ಹಾಗೆ ಅತ್ತ. ಅಳುವುದಕ್ಕೆ ಬೇರೆ ಹೊತ್ತು ಸಿಗುತ್ತೆ, ಆಟೋ ಹತ್ತು ಅಂದೆ.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ತೊಡೆ ಹಿಂದಿನಿಂದ ಒಂದು ಎಳೆ ತೆಗೆದು ಹರಿದ ಹುರಿಯ ಜಾಗದಲ್ಲಿ ಹಾಕಿದರಂತೆ. ಕೀಪರ್ ಜೊತೆಗೆ ಹೋಗಿದ್ದ. ಡಾಕ್ಟರು ಹೇಳಿದ್ದನ್ನು ನಾನು ಬಿಡಿಸಿ ಬಿಡಿಸಿ ಕೇಳಿದೆ. ಮೊದಲ ದಿನವೇ ಬಂದಿದ್ದರೆ ಹುರಿ ಒಂದೇ ಹೋಗಿರುತ್ತಿತ್ತು. ಈಗ ಎರಡು ಮೂಳೆ ನಡುವಿನ ಮೆತ್ತೆಯೂ ಹರಿದಿದೆ, ಅದು ಮಡಚಿಕೊಂಡೇ ಕಾಲು ಸಿಕ್ಕಿಕೊಂಡಿದ್ದು. ಹೊಲಿದಿದ್ದಾರೆ. ಕೂಡಬಹುದು, ಕೂಡದೆಯೂ ಇರಬಹುದು.

ಆ ಮೆತ್ತೆ ನನ್ನ ಎರಡು ದಿನದ್ದು.

ಕ್ಲಬ್ಬಿನವರು ಆ ವರ್ಷದ ಆಟದಿಂದ ಅವನ ಹೆಸರು ತೆಗೆದರು. ಕರಾರು ಹರಿಯಲಿಲ್ಲ. ಕಾಲು ಗುಣವಾಗಿ ಪರೀಕ್ಷೆ ಗೆದ್ದರೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಅಂದರು. ಆ ಫಿಸಿಯೋ ಹುಡುಗಿ ಅವನ ಪರವಾಗಿ ಮಾತಾಡಿದಳು ಅಂತ ಕೇಳಿದೆ. ತಾಯಿಗೆ ಅದು ಬೇಕಾಗಿರಲಿಲ್ಲ. ಬೈಕು ಅಂದಿದ್ದರೆ ಹೆಸರೂ ಉಳಿಯುತ್ತಿತ್ತು ಅನ್ನುವುದು ಅವಳ ಲೆಕ್ಕ. ನಲ್ಲಿ ಹತ್ತಿರ ನಾನು ಹೋದರೆ ಅವಳು ತುಂಬದ ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಇಡ್ಲಿಗೆ ಆಳು ಕಳಿಸಿದರೆ ಮುಗೀತು ಅನ್ನುತ್ತಿದ್ದಳು, ಪಾತ್ರೆಯಲ್ಲಿ ಹಬೆ ಕಾಣುತ್ತಿದ್ದರೂ. ನಾನು ಸಮಾಧಾನ ಹೇಳುವುದಕ್ಕೆ ಹೋಗಲಿಲ್ಲ.

ಅಲ್ಲಿಂದ ಈಚೆಗೆ ಮಂಡಿ ತಿರುಚಿದೆ ಅಂತ ಯಾರು ಬಂದರೂ ನಾನು ಮುಟ್ಟುವುದಿಲ್ಲ, ಬಂಗಾರಪೇಟೆಗೆ ಕಳಿಸುತ್ತೇನೆ. ಆ ಸಿಡುಕು ಡಾಕ್ಟರ ಹತ್ತಿರಕ್ಕೇ. ಬೇರೆ ಏನೇ ಇರಲಿ, ಮೊದಲು ಹೇಗಾಯಿತು ಅಂತ ಮೈಯಲ್ಲಿ ಮಾಡಿ ತೋರಿಸಬೇಕು. ಬಾಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಜನ ನಗುತ್ತಾರೆ. ಮುದುಕಿ ನಾಟಕ ಆಡಿಸುತ್ತಾಳೆ ಅಂತಾರೆ. ಅನ್ನಲಿ.

ಹತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಾಯಿ ಮಗ ಇಬ್ಬರೂ ಬಂದರು. ಜಗಲಿಗೆ ಮೂರು ಮೆಟ್ಟಿಲಿವೆ. ಅವನು ಹತ್ತಿದ್ದನ್ನು ನಾನು ನೋಡಲಿಲ್ಲ, ಹತ್ತುವುದು ಯಾರಿಗಾದರೂ ಬರುತ್ತದೆ. ತಾಯಿ ನನ್ನ ಮುಖ ನೋಡದೆ ಹೇಳಿದಳು.

"ನಿನ್ನ ಕಟ್ಟು ಬ್ಯಾಡ. ಬರೇ ಕೈ ಇಟ್ಟು ನೋಡು. ಬರೋ ತಿಂಗ್ಳು ಪರೀಕ್ಷೆ ಐತೆ."

"ಡಾಕ್ಟ್ರು ನೋಡಿಲ್ವಾ?"

"ನೋಡವ್ರೆ. ಸರಿಯಾಗೈತೆ ಅಂತಾರೆ. ನೀನೂ ನೋಡು."

ಮಲಗಿಸಿದೆ. ಎಡ ತೊಡೆ ಬಲ ತೊಡೆಗಿಂತ ಇನ್ನೂ ಒಂದು ಬೆರಳು ಸಣ್ಣ. ಮಂಡಿ ಮೇಲೆ ಹೊಲಿಗೆಯ ಗುರುತು. ತೊಡೆ ಹಿಡಿದು, ಮೀನಖಂಡ ಹಿಡಿದು ಎಳೆದೆ. ಟಕ್ ಅಂತ ನಿಂತಿತು. ಮತ್ತೆ ಎಳೆದೆ. ನಿಂತಿತು.

ಸರಿಹೋಯ್ತು ಅಂತ ನಾನು ಅನ್ನಲಿಲ್ಲ. ಹಿಂದೊಂದು ಸಲ ಅಂದಿದ್ದೆ. ಪಕ್ಕಕ್ಕೆ ಸರಿದು ತಾಯಿಗೆ ಜಾಗ ಬಿಟ್ಟೆ. ಅವಳು ಕೂತು, ಹಿಂದೆ ನಾನು ಇಡಿಸಿದ ಜಾಗದಲ್ಲೇ ಕೈ ಇಟ್ಟು ಎಳೆದಳು. ಕಾಲು ನಿಂತಿತು. ಅವಳು ಕೈ ತೆಗೆಯಲಿಲ್ಲ. ಬಲಗಾಲು ಎಳೆದು ನೋಡಿದಳು, ಮತ್ತೆ ಎಡಗಾಲು. ಎಷ್ಟು ಸಲ ಎಳೆದಳೋ. "ಅಮ್ಮಾ, ಕಿತ್ಕೊಂಡ್ ಬತ್ತದೆ ಬಿಡು" ಅಂದ ಮಗ.

"ಮೆತ್ತೆ?" ಅಂತ ಕೇಳಿದೆ.

"ಓಡಿದ್ರೆ ಸಾಯಂಕಾಲ ಸ್ವಲ್ಪ ಊತ ಬತ್ತದೆ ಪಾಟಿ. ಅದು ಇರ್ತದಂತೆ."

"ಮೆಟ್ಲು ಇಳಿ" ಅಂದೆ.

ಮೂರು ಮೆಟ್ಟಿಲು ಇಳಿದ. ಪಕ್ಕಕ್ಕೆ ತಿರುಗದೆ, ಗೋಡೆ ಹಿಡಿಯದೆ, ಎಡಗಾಲು ಮೊದಲು. ಕೆಳಗಿನ ಮೆಟ್ಟಿಲಿಂದ ಬೇಕಂತಲೇ ಒಂದು ಹಾರು ಹಾರಿದ. ತಾಯಿಯೂ ನಾನೂ ಒಟ್ಟಿಗೇ ಬೈದೆವು. ಹತ್ತು ತಿಂಗಳಲ್ಲಿ ನಾವಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಅವರು ಹೊರಡುವ ಹೊತ್ತಿಗೆ ಕೀಪರ್ ಆಟೋ ಬಂದು ನಿಂತಿತು. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಇಳಿದ. ಆ ಸೊಟ್ಟ ಬೆರಳಿನ ಪಕ್ಕದ್ದು ಬದನೆಕಾಯಿ ಹಾಗೆ ಊದಿತ್ತು. ಜಗಲಿ ಮೇಲೆ ಕೂತು ಕೈ ಮುಂದಕ್ಕೆ ಚಾಚಿದ.

"ಆಟೋ ಬಾಗ್ಲಿಗೆ ಸಿಕ್ಕಾಕ್ಕೊಂತು ಪಾಟಿ."

"ನಿನ್ನ ಆಟೋಗೆ ಬಾಗ್ಲು ಎಲ್ಲೈತ್ಲಾ" ಅಂದೆ. "ಏಳು. ನಿಂತ್ಕೊಂಡು ಚೆಂಡು ಎಂಗೆ ಬಂತು ತೋರ್ಸು."